ಬೈಕಿಗೆ ಗೇಜ್ ಕೂರಿಸಿದ ಭಾನುವಾರ

ಬೆಳಗ್ಗೆ ಆರೂವರೆಯಿಂದ ಒಂಬತ್ತರ ತನಕ ಅವಳು ಮನೆಮನೆಗೆ ಹೋಗಿ ರಕ್ತ ತೆಗೆಯುತ್ತಾಳೆ. ಲ್ಯಾಬಿನ ಕೆಲಸ. ಬೈಕಿನ ಹಿಂದೆ ಒಂದು ನೀಲಿ ಡಬ್ಬಿ, ಡಬ್ಬಿಯೊಳಗೆ ಐಸು, ಐಸಿನ ನಡುವೆ ಸಾಲಾಗಿ ನಿಂತ ಪುಟ್ಟ ಪುಟ್ಟ ಸೀಸೆಗಳು. ಆ ಬೀದಿಗಳಲ್ಲೆಲ್ಲ ಅವಳು ಸೂಜಿ ಅಕ್ಕ. ಮಕ್ಕಳು ಅವಳ ಬೈಕಿನ ಸದ್ದು ಕೇಳಿದರೆ ಮಂಚದಡಿ ಸೇರುತ್ತವೆ, ಕೆಲವು ಮನೆಗಳಲ್ಲಿ ದೊಡ್ಡವರೂ ಬಚ್ಚಲು ಮನೆ ಸೇರುತ್ತಾರೆ.

ಬೈಕು ಹಳೆಯದು, ಆದರೆ ಗಟ್ಟಿಮುಟ್ಟು. ನೀರಿನಿಂದ ತಣ್ಣಗಾಗುವ ಎಂಜಿನ್. ಮುಂದೆ ರೇಡಿಯೇಟರ್ ಇದೆ, ಅದರ ಬೆನ್ನಿಗೊಂದು ಪುಟ್ಟ ಫ್ಯಾನ್ ಇದೆ, ಒಳಗೆ ಹಸಿರು ಬಣ್ಣದ ಕೂಲಂಟ್ ಓಡಾಡುತ್ತಿರುತ್ತದೆ. ಎಂಜಿನ್ ಎಷ್ಟು ಬಿಸಿಯಾಗಿದೆ ಅಂತ ತೋರಿಸುವುದಕ್ಕೆ ಮಾತ್ರ ಏನೂ ಇಲ್ಲ. ಒಂದು ಕೆಂಪು ದೀಪ ಇದೆ, ಅಷ್ಟೆ. ಹೋದ ತಿಂಗಳು ಗುಡ್ಡದ ಮೇಲಿನ ಬಡಾವಣೆಗೆ ಏರುವ ರಸ್ತೆಯಲ್ಲಿ ಆ ದೀಪ ಮೊದಲ ಸಲ ಹತ್ತಿಕೊಂಡಿತು. ಅವಳು ಅದನ್ನು ನೋಡಿ, "ಇದೇನಿದು?" ಅಂದುಕೊಳ್ಳುವಷ್ಟರಲ್ಲಿ ಮಂಡಿಯ ಹತ್ತಿರ ಬುಸ್ಸೆಂದು ಆವಿ ಎದ್ದಿತು. ಡಬ್ಬಿಯಲ್ಲಿ ಹನ್ನೊಂದು ಜನರ ರಕ್ತ. ಹಾಲಿನ ವ್ಯಾನಿಗೆ ಕೈ ಅಡ್ಡ ಹಾಕಿ ಲ್ಯಾಬ್ ಸೇರುವ ಹೊತ್ತಿಗೆ ತಡವಾಗಿ, ಮೂರು ಸೀಸೆ ಕೆಟ್ಟಿದ್ದವು. ಮೂವರಿಗೆ ಮತ್ತೆ ಚುಚ್ಚಬೇಕಾಯಿತು. ಅವರಲ್ಲೊಬ್ಬರು ಬ್ಯಾಂಕಿನ ನಿವೃತ್ತ ಮ್ಯಾನೇಜರು, ಮೊದಲ ಸಲ ಚುಚ್ಚಿಸಿಕೊಳ್ಳುವುದಕ್ಕೇ ಮೂರು ವಾರ ಮುಂದೂಡಿದ್ದವರು. ಎರಡನೇ ಸಲ ಅವಳ ಮುಖ ಕಂಡ ಕೂಡಲೇ ಅವರು ಸೋಫಾದ ಮೇಲೆ ಹಾಗೇ ವಾಲಿಬಿಟ್ಟರು.

ಮೆಕ್ಯಾನಿಕ್ ಬೈಕನ್ನು ಒಂದು ಸುತ್ತು ಹಾಕಿ ಹೇಳಿದ: "ನೀರು ಕಮ್ಮಿಯಾಗಿತ್ತು, ಹಾಕಿದೀನಿ. ಇನ್ನೇನೂ ಇಲ್ಲ."

"ಎಷ್ಟು ಬಿಸಿಯಾಗ್ತಿದೆ ಅಂತ ನಂಗೆ ಗೊತ್ತಾಗೋದು ಹೇಗೆ?"

"ಲೈಟ್ ಬರುತ್ತಲ್ಲ."

"ಲೈಟ್ ಬಂದಾಗ ಆಗಲೇ ಆವಿ ಬರ್ತಿತ್ತು."

"ಹಂಗಾದ್ರೆ ಲೈಟ್ ಸರಿಯಾಗಿದೆ ಅಂತಾಯ್ತು," ಅಂದು ಅವನು ಮುಂದಿನ ಗಾಡಿಗೆ ಹೋದ.

ಸೂಜಿ ಅಕ್ಕನಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಅವಳ ಬದುಕೆಲ್ಲ ಅಂಕಿಗಳ ಮೇಲೆ ನಿಂತಿದೆ. ರೋಗಿಗೆ ನಿಮಗೆ ಸಕ್ಕರೆ ಕಾಯಿಲೆ ಇದೆ ಅಂದರೆ ಸಾಕೆ? ಎಷ್ಟಿದೆ ಅಂತ ಹೇಳಬೇಡವೆ? ಆ ವಾರವೇ ಅವಳು ಹೊರಗಡೆ ಸಿಗುವ, ಬಿಸಿ ಅಳೆಯುವ ಒಂದು ಗೇಜ್ ತರಿಸಿದಳು. ಅಂಗೈಯಲ್ಲಿ ಹಿಡಿಸುವ ದುಂಡು ಮುಖ, ಕಪ್ಪು ಹಿನ್ನೆಲೆ, ಕಿತ್ತಳೆ ಬಣ್ಣದ ಮುಳ್ಳು, ನಲವತ್ತರಿಂದ ನೂರ ಇಪ್ಪತ್ತರ ತನಕ ಅಂಕಿ. ಜೊತೆಗೆ ಅಲ್ಯೂಮಿನಿಯಂನ ಒಂದು ಗೇಣಿಗಿಂತ ಚಿಕ್ಕ ಕೊಳವೆ, ಅದರ ಬೆನ್ನಿಗೆ ತೂತು, ಆ ತೂತಿಗೆ ತಿರುಗಿಸಿ ಕೂರಿಸುವ ಸೆನ್ಸರ್, ಎರಡು ಕ್ಲಿಪ್ಪು, ಮೂರು ಬಣ್ಣದ ವೈರು, ಮತ್ತು ಯಾವ ಭಾಷೆಯಲ್ಲೂ ಸರಿಯಾಗಿ ಅರ್ಥವಾಗದ ಒಂದು ಸೂಚನಾ ಹಾಳೆ.

ಭಾನುವಾರ ಎಂಟು ಗಂಟೆಗೆ ಅವಳು ಹಿತ್ತಿಲ ಸಿಮೆಂಟು ನೆಲದ ಮೇಲೆ ಬೈಕು ನಿಲ್ಲಿಸಿ, ಹಳೇ ಚಾದರ ಹಾಸಿ, ಸಾಮಾನು ಜೋಡಿಸಿಕೊಂಡಳು. ಗಂಡ ಮೆಟ್ಟಿಲ ಮೇಲೆ ಕೂತ. ಅವನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಕೂದಲೆಳೆಯಷ್ಟು ಸಣ್ಣ ಸ್ಕ್ರೂ ಕೂರಿಸುವುದರಲ್ಲಿ ಎತ್ತಿದ ಕೈ. ಅದಕ್ಕಿಂತ ದೊಡ್ಡ ಯಂತ್ರ ಕಂಡರೆ ಮಾತ್ರ ಹತ್ತು ಹೆಜ್ಜೆ ಹಿಂದೆ.

"ನಾನು ಓದ್ತೀನಿ, ನೀನು ಮಾಡು," ಅಂದ. ಹಾಳೆಯನ್ನು ತಲೆಕೆಳಗೆ ಹಿಡಿದಿದ್ದ.

ಅಷ್ಟರಲ್ಲಿ ಅತ್ತೆ ಒಗೆದ ಬಟ್ಟೆಯ ಬಕೆಟ್ ಹಿಡಿದು ಹಿತ್ತಿಲಿಗೆ ಬಂದರು.

ಅತ್ತೆ ಈ ಮನೆಗೆ ಬಂದು ಮೂರು ತಿಂಗಳಾಗಿತ್ತು. ಅದಕ್ಕೂ ಮೊದಲು ಬೇರೆ ಊರಲ್ಲಿ, ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ಬಾಯ್ಲರ್ ನೋಡಿಕೊಂಡಿದ್ದರು. ಬಾಯ್ಲರ್ ಕೋಣೆಗೆ ಹೆಂಗಸು ಯಾಕೆ ಅಂತ ಕೇಳಿದವರೆಲ್ಲ ಅವರಿಗಿಂತ ಮೊದಲು ರಿಟೈರ್ ಆಗಿ ಹೋಗಿದ್ದರು. ಈಗ ಹೊಸ ಬಾಯ್ಲರ್ ಬಂದಿದೆ, ಅದಕ್ಕೆ ಮನುಷ್ಯರು ಬೇಡ, ಒಂದು ಪರದೆ ಸಾಕು. ಅತ್ತೆ ಪೆಟ್ಟಿಗೆ ಕಟ್ಟಿಕೊಂಡು ಮಗನ ಮನೆಗೆ ಬಂದರು. ಅತ್ತೆ-ಸೊಸೆ ನಡುವೆ ಜಗಳ ಅಂತ ಏನೂ ಇರಲಿಲ್ಲ. ಜಗಳವಾಡುವಷ್ಟು ಸಲಿಗೆಯೇ ಇರಲಿಲ್ಲ ಅನ್ನಬಹುದು. "ಸ್ನಾನ ಆಯ್ತಾ?" "ಆಯ್ತು." "ಲೇಟಾಗುತ್ತಾ?" "ಸ್ವಲ್ಪ." ಮೂರು ತಿಂಗಳು ಇಷ್ಟರಲ್ಲೇ ಕಳೆದಿತ್ತು.

ಅತ್ತೆ ಬಕೆಟ್ ಕೆಳಗಿಟ್ಟು ಚಾದರದ ಮೇಲಿದ್ದ ಗೇಜ್ ನೋಡಿದರು. ಸೆರಗಿಗೆ ಕೈ ಒರೆಸಿಕೊಂಡು ಅದನ್ನೆತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಮತ್ತೆ ಕೆಳಗಿಟ್ಟರು.

"ಯಾವ ಪೈಪಿಗೆ ಹಾಕ್ತೀಯ?"

ಸೊಸೆ ಬಾಯಿ ತೆರೆಯುವ ಮೊದಲೇ ಮಗ ಹೇಳಿದ, "ಕೆಳಗಿನ ಪೈಪಿಗಮ್ಮ. ಕೈಗೆ ಸುಲಭವಾಗಿ ಸಿಗುತ್ತೆ."

"ಕೈಗೆ ಸಿಗುತ್ತೆ ಅಂತ ಹಾಕ್ತೀಯಾ? ಕೆಳಗಿನದು ರೇಡಿಯೇಟರಿಂದ ತಣ್ಣಗಾಗಿ ವಾಪಸ್ ಹೋಗೋ ನೀರು. ಜ್ವರ ಬಂದವನಿಗೆ ಸ್ನಾನ ಮಾಡಿಸಿ ಆಮೇಲೆ ಥರ್ಮಾಮೀಟರ್ ಇಡ್ತೀಯಾ? ಎಂಜಿನ್ನಿಂದ ಹೊರಗೆ ಬರೋದು ಮೇಲಿನ ಪೈಪು. ಅದಕ್ಕೆ ಹಾಕ್ಬೇಕು."

ಸೂಜಿ ಅಕ್ಕ ತಲೆಯೆತ್ತಿ ಅತ್ತೆಯನ್ನು ನೋಡಿದಳು. ಇಷ್ಟು ಉದ್ದದ ಮಾತು ಅವರ ಬಾಯಿಂದ ಅವಳು ಕೇಳಿದ್ದು ಅದೇ ಮೊದಲು.

"ಮೇಲಿನದಕ್ಕೇ ಅಂದುಕೊಂಡಿದ್ದೆ ಅತ್ತೆ."

"ಹೂಂ. ಹಾಗಾದ್ರೆ ಸರಿ," ಅಂದು ಅತ್ತೆ ಬಟ್ಟೆ ಹರವಲು ಹೋದರು. ಎರಡು ಟವೆಲ್ ಹರವಿ ವಾಪಸ್ ಬಂದರು. ಬಕೆಟ್ ಮಧ್ಯಾಹ್ನದ ತನಕ ಅಲ್ಲೇ ಇತ್ತು.

ಮೊದಲು ಕೂಲಂಟ್ ಇಳಿಸಬೇಕು. ಕೆಳಗಿನ ಬೋಲ್ಟ್ ಬಿಚ್ಚಿದಾಗ ಹಸಿರು ನೀರು ಸಣ್ಣಗೆ ಚಿಮ್ಮಿ ಟಬ್ಬಿಗೂ, ಟಬ್ಬಿಗಿಂತ ಹೆಚ್ಚಾಗಿ ಮೆಟ್ಟಿಲ ಮೇಲಿದ್ದವನ ಪ್ಯಾಂಟಿಗೂ ಬಿತ್ತು. ಅತ್ತೆ ಟಬ್ಬಿನ ಮೇಲೆ ಹಲಗೆ ಮುಚ್ಚಿದರು. "ಇದು ಸಿಹಿ ಇರುತ್ತೆ. ಬೆಕ್ಕು ಬಂದು ನೆಕ್ಕಿದ್ರೆ ಅದರ ಕತೆ ಮುಗೀತು." ಮಗ ತನ್ನ ಪ್ಯಾಂಟನ್ನು ಬೆಕ್ಕಿನಿಂದ ಕಾಪಾಡಲು ಒಳಗೆ ಹೋಗಿ ಬದಲಿಸಿಕೊಂಡು ಬಂದ.

ಇನ್ನು ಮೇಲಿನ ರಬ್ಬರ್ ಪೈಪನ್ನು ಕತ್ತರಿಸಬೇಕು. ಇಂಥದೇ ಇನ್ನೊಂದು ಪೈಪು ಬೇಕೆಂದರೆ ಹದಿನೈದು ದಿನ ಕಾಯಬೇಕು. ಹಾಳೆಯಲ್ಲಿ ಎರಡೂವರೆ ಸೆಂಟಿಮೀಟರ್ ತುಂಡು ತೆಗೆಯಿರಿ ಅಂತಿದೆ ಎಂದ ಗಂಡ. ಅತ್ತೆ ಕೊಳವೆಯನ್ನು ಪೈಪಿನ ಪಕ್ಕ ಹಿಡಿದು ಕಣ್ಣಳತೆ ಮಾಡಿದರು.

"ಅಷ್ಟು ಬೇಡ. ಈ ನಡುವಿನ ಪಟ್ಟಿ ಎಷ್ಟು ಅಗಲ ಇದೆಯೋ ಅಷ್ಟೇ ತೆಗಿ. ಮಿಕ್ಕಿದ್ದು ರಬ್ಬರೊಳಗೆ ಹೋಗುತ್ತೆ."

"ಹಾಳೆಯಲ್ಲಿ..."

"ಹಾಳೆ ಬರೆದೋನು ಈ ಬೈಕ್ ನೋಡಿದಾನಾ?"

ಅವಳು ಅತ್ತೆ ಹೇಳಿದಷ್ಟೇ ಕತ್ತರಿಸಿದಳು. ಕೊಳವೆ ಎರಡೂ ಕಡೆ ಬಿಗಿಯಾಗಿ ಕೂತಿತು. ಕ್ಲಿಪ್ಪು ತಿರುಗಿಸಿ ಬಿಗಿ ಮಾಡಿದಳು. ಸೆನ್ಸರ್ ಕೂರಿಸಿದಳು. ಇನ್ನು ವೈರು. ಚಾವಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರನ್ನು ಹುಡುಕಬೇಕು. ಹೆಡ್‌ಲೈಟಿನ ಹಿಂದೆ ಹದಿನಾರು ವೈರುಗಳ ಒಂದು ಗೊಂಚಲು, ಬಣ್ಣವೆಲ್ಲ ಮಾಸಿ ಒಂದೇ ಕಂದು. ಕೈಯಲ್ಲಿದ್ದ ಪರೀಕ್ಷಾ ದೀಪಕ್ಕೆ ಮುಂದೆ ಒಂದು ಚೂಪು ಸೂಜಿ. ಅವಳು ಕಣ್ಣು ಅರೆಮುಚ್ಚಿ, ತೋಳಿನಲ್ಲಿ ನರ ಹುಡುಕುವ ಹಾಗೆ ಬೆರಳ ತುದಿಯಿಂದ ಗೊಂಚಲನ್ನು ಸವರಿದಳು. ಒಂದನ್ನು ಬಿಟ್ಟಳು, ಇನ್ನೊಂದನ್ನು ಬಿಟ್ಟಳು, ಮೂರನೆಯದಕ್ಕೆ ಚುಚ್ಚಿದಳು. ದೀಪ ಹತ್ತಿತು. ಚಾವಿ ತೆಗೆದರೆ ಆರಿತು.

"ಒಂದೇ ಸಲಕ್ಕೆ!" ಅಂದರು ಅತ್ತೆ.

"ದಿನಾ ಅದೇ ಕೆಲಸ ಅಲ್ವಾ," ಅಂದಳು ಸೂಜಿ ಅಕ್ಕ, ಬೀಗುವುದನ್ನು ಆದಷ್ಟು ತಡೆದುಕೊಂಡು.

ಎಲ್ಲ ಜೋಡಿಸಿ ಆಯಿತು. ಹೊಸ ಕೂಲಂಟ್ ಸುರಿದು ಮುಚ್ಚಳ ಹಾಕಿದರು. ಪೊಟ್ಟಣದಲ್ಲಿ ಒಂದು ಸಣ್ಣ ಸ್ಕ್ರೂ, ಒಂದು ಉಂಗುರದಂಥ ತಗಡು ಉಳಿದಿತ್ತು. "ಎಕ್ಸ್‌ಟ್ರಾ ಕೊಟ್ಟಿರ್ತಾರೆ," ಅಂದ ಗಂಡ. ಕನ್ನಡಕದ ಜೊತೆ ಅವನ ಅಂಗಡಿಯಲ್ಲಿ ಹಾಗೇ ಕೊಡುತ್ತಾರೆ. ಎಂಜಿನ್ ಶುರುವಾಯಿತು. ಮೂವರೂ ಗೇಜಿನ ಮುಂದೆ ತಲೆಗೆ ತಲೆ ತಾಗಿಸಿ ನಿಂತರು.

ಮುಳ್ಳು ನಲವತ್ತರಲ್ಲಿ ಮಲಗಿತ್ತು. ಎರಡು ನಿಮಿಷ. ಐದು ನಿಮಿಷ. ಎಂಟು ನಿಮಿಷ. ಏಳಲೇ ಇಲ್ಲ.

"ನೀರು ಓಡ್ತಾನೇ ಇಲ್ಲ ಅನ್ಸುತ್ತೆ, ಬಿಸಿ ಸೆನ್ಸರ್ ತನಕ ಬರ್ತಿಲ್ಲ," ಅಂದಳು ಸೂಜಿ ಅಕ್ಕ. ಎಂಜಿನ್ ಆರಿಸಿ, ಒಳಗೆ ನೋಡೋಣ ಅಂತ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದಳು.

ಚಟ್!

ಅತ್ತೆ ಹೊಡೆದ ಪೆಟ್ಟಿಗೆ ಅವಳ ಕೈ ಹಾರಿ ಹ್ಯಾಂಡಲಿಗೆ ಬಡಿಯಿತು.

"ತೆಗೀಬೇಡ! ತಲೆ ಕೆಟ್ಟಿದೆಯಾ ನಿಂಗೆ?"

ಗಂಡ ಹಾಳೆಯ ಹಿಂದೆ ಮುಖ ಮರೆಮಾಡಿಕೊಂಡ. ಸೂಜಿ ಅಕ್ಕನ ಕಿವಿ ಬಿಸಿಯಾಯಿತು. ಅವಳ ಸ್ವಂತ ತಾಯಿಯೂ ಅವಳ ಮೇಲೆ ಕೈ ಮಾಡಿದವಳಲ್ಲ.

"ಮುಳ್ಳು ತಣ್ಣಗಿದೆ ಅಂತ ತೋರಿಸ್ತಿದೆಯಲ್ಲ ಅತ್ತೆ," ಅಂದಳು, ಹಲ್ಲು ಕಚ್ಚಿಕೊಂಡು.

"ಮುಳ್ಳನ್ನ ಆಮೇಲೆ ನಂಬು. ಕೈ ಕೊಡು ಇಲ್ಲಿ." ಅತ್ತೆ ಅವಳ ಕೈ ಹಿಡಿದು ಮೇಲಿನ ಪೈಪಿನಿಂದ ಒಂದು ಬೆರಳಷ್ಟು ದೂರದಲ್ಲಿ ನಿಲ್ಲಿಸಿದರು. ಅಂಗೈಗೆ ಕಾವು ರಪ್ಪನೆ ಹೊಡೆಯಿತು. "ತೊಂಬತ್ತರ ಹತ್ತಿರ ಇದೆ. ಮುಚ್ಚಳ ತೆಗೆದಿದ್ರೆ ಅಷ್ಟೂ ನಿನ್ನ ಮುಖಕ್ಕೆ ಬರ್ತಿತ್ತು."

ಅತ್ತೆ ಮೆಟ್ಟಿಲ ಮೇಲೆ ಹೋಗಿ ಕೂತರು. ಅಲ್ಲಿಂದಲೇ ಹೇಳಿದರು:

"ನನ್ನ ಜೊತೆ ಕೆಲಸಕ್ಕಿದ್ದವಳೊಬ್ಬಳು ಹೀಗೇ ಬಾಯ್ಲರಿನ ಮುಚ್ಚಳ ತೆಗೆದಳು. ಅವತ್ತು ಗೇಜ್ ಕೆಟ್ಟಿತ್ತು. ಆರು ತಿಂಗಳು ಅದೇ ಆಸ್ಪತ್ರೆಯಲ್ಲಿ ಮೇಲಿನ ಮಹಡಿಯಲ್ಲಿ ಮಲಗಿದ್ದಳು. ಅವಳ ಹಾಸಿಗೆ ಬಟ್ಟೆ ಕೆಳಗೆ ನಮ್ಮ ಹತ್ರಾನೇ ಬರ್ತಿತ್ತು. ಯಾವುದು ಅವಳದು ಅಂತ ಗುರುತು ಹಿಡಿಯೋಕೆ ಬಂದುಬಿಟ್ಟಿತ್ತು ನಂಗೆ." ಸೆರಗು ಸರಿಮಾಡಿಕೊಂಡು, "ಹುಷಾರಾದಳು. ಮದುವೆ ಆದಳು, ಮಕ್ಕಳೂ ಆದವು. ಈಗಲೂ ಫೋನ್ ಮಾಡಿ ಗಂಟೆಗಟ್ಟಲೆ ತಲೆ ತಿಂತಾಳೆ," ಅಂದರು.

ಸೂಜಿ ಅಕ್ಕ ಹೋಗಿ ಅವರ ಪಕ್ಕ ಕೂತಳು. ಅತ್ತೆ ಅವಳ ಕೈಯನ್ನು ತಿರುಗಿಸಿ ನೋಡಿದರು. ಮುಂಗೈ ಮೇಲೆ ಕೆಂಪಗೆ ಬೆರಳ ಗುರುತು.

"ಜೋರಾಗಿ ಬಿತ್ತು."

"ಇಪ್ಪತ್ತೆಂಟು ವರ್ಷ ವಾಲ್ವ್ ತಿರುಗಿಸಿದ ಕೈ," ಅಂದ ಮಗ. "ಚಿಕ್ಕಂದಿನಲ್ಲಿ ನಾನು ತಿಂದಿರೋದಕ್ಕೆ ಹೋಲಿಸಿದ್ರೆ ಇದು ಏನೂ ಅಲ್ಲ."

ಮೊದಲು ನಕ್ಕದ್ದು ಯಾರು ಅಂತ ಆಮೇಲೆ ಯಾರಿಗೂ ನೆನಪಿರಲಿಲ್ಲ.

ಎಂಜಿನ್ ತಣ್ಣಗಾಗಲು ಒಂದು ಗಂಟೆ ಬೇಕಿತ್ತು. ಆ ಒಂದು ಗಂಟೆ ಅತ್ತೆ ಬೈಕಿನ ಸುತ್ತ ಸುತ್ತಿದರು. ಕೂತು ನೋಡಿದರು, ಬಗ್ಗಿ ನೋಡಿದರು, ಕೊಳವೆಯನ್ನು ಬೆರಳಲ್ಲಿ ತಟ್ಟಿದರು. ಆಮೇಲೆ ಸೊಸೆಯನ್ನು ಕರೆದರು.

"ಈ ಸೆನ್ಸರಿಗೆ ಒಂದೇ ವೈರು. ಗೇಜಿಂದ ಬಂದ ಕರೆಂಟು ಇದರೊಳಗೆ ಹೋಗಿ ಎಲ್ಲಿಂದ ವಾಪಸ್ ಹೋಗ್ಬೇಕು?"

"ಬಾಡಿಯಿಂದ... ಕೊಳವೆಗೆ ತಾಗಿದೆ, ಕೊಳವೆಯಿಂದ..." ಸೂಜಿ ಅಕ್ಕ ಅಲ್ಲಿಗೇ ನಿಂತಳು. ಕೊಳವೆಯ ಆ ಕಡೆ ರಬ್ಬರ್, ಈ ಕಡೆ ರಬ್ಬರ್. ಬೈಕಿನ ಕಬ್ಬಿಣಕ್ಕೆ ಅದು ಎಲ್ಲೂ ತಾಗಿರಲೇ ಇಲ್ಲ. "ಅಯ್ಯೋ! ಅರ್ತ್ ಕೊಟ್ಟಿಲ್ಲ!"

ಇಬ್ಬರೂ ಒಟ್ಟಿಗೆ ತಿರುಗಿ ಮೆಟ್ಟಿಲ ಕಡೆ ನೋಡಿದರು. ಅವನ ಅಂಗೈಯಲ್ಲಿ ಎಕ್ಸ್‌ಟ್ರಾ ಸ್ಕ್ರೂ ಹೊಳೆಯುತ್ತಿತ್ತು.

ಅದು ಕೂರಲೆಂದೇ ಕೊಳವೆಯ ಪಕ್ಕದಲ್ಲಿ ಒಂದು ತೂತಿತ್ತು. ಉಂಗುರದ ತಗಡಿಗೆ ವೈರು ಕಟ್ಟಿ, ಆ ಸ್ಕ್ರೂನಿಂದ ಬಿಗಿದು, ಇನ್ನೊಂದು ತುದಿಯನ್ನು ಬೈಕಿನ ಚೌಕಟ್ಟಿಗೆ ಸೇರಿಸಿದರು. ಚಾವಿ ತಿರುಗಿಸಿದ ಕೂಡಲೇ ಮುಳ್ಳು ನಿದ್ದೆಯಿಂದ ಎದ್ದ ಹಾಗೆ ಒಮ್ಮೆ ನಡುಗಿ ನಲವತ್ತಾರಕ್ಕೆ ಬಂದು ನಿಂತಿತು.

ಈ ಸಲ ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು ಎಂಜಿನ್ ಶುರು ಮಾಡಿದರು. ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಗುಳುಗುಳು ಅಂತ ಹೊರಗೆ ಬಂತು. ಬೈಕನ್ನು ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ, ಮಗುವಿಗೆ ತೇಗು ಬರಿಸಿದ ಹಾಗೆ ಕೊನೆಯ ಗುಳ್ಳೆಯನ್ನೂ ತೆಗೆಸಿದರು ಅತ್ತೆ. ಕಮ್ಮಿಯಾದಷ್ಟು ಕೂಲಂಟ್ ಸುರಿದು ಮುಚ್ಚಳ ಹಾಕಿದರು. ಮುಳ್ಳು ಏರತೊಡಗಿತು. ಅತ್ತೆ ಗೇಜಿಗೆ ಬೆನ್ನು ಹಾಕಿ ನಿಂತು, ಪೈಪಿನ ಹತ್ತಿರ ಅಂಗೈ ಹಿಡಿದು, "ಎಪ್ಪತ್ತು," ಅಂದರು.

"ಎಪ್ಪತ್ತೆರಡು," ಅಂದಳು ಸೊಸೆ.

ಸ್ವಲ್ಪ ಹೊತ್ತಿಗೆ, "ಎಂಬತ್ತು."

"ಎಂಬತ್ತೊಂದು! ಅತ್ತೆ, ಅಷ್ಟು ದುಡ್ಡು ಕೊಟ್ಟು ಗೇಜ್ ಯಾಕೆ ತರಿಸಿದೆ ನಾನು, ನಿಮ್ಮನ್ನೇ ಮುಂದೆ ಕೂರಿಸಿಕೊಳ್ಳಬಹುದಿತ್ತು."

ಖುಷಿ ಅಲ್ಲಿಗೇ ನಿಲ್ಲಲಿಲ್ಲ, ಮುಳ್ಳೂ ನಿಲ್ಲಲಿಲ್ಲ. ತೊಂಬತ್ತು, ತೊಂಬತ್ತೈದು, ನೂರು. ನಿಂತ ಬೈಕಿಗೆ ಗಾಳಿ ಇಲ್ಲ, ನಿಜ. ಆದರೆ ನೂರರ ಹತ್ತಿರ ಬಂದಾಗ ರೇಡಿಯೇಟರಿನ ಫ್ಯಾನ್ ತಾನಾಗೇ ತಿರುಗಬೇಕು. ನೂರ ಎರಡು. ನೂರ ನಾಲ್ಕು. ಫ್ಯಾನ್ ಸುಮ್ಮನಿತ್ತು. ಕೆಂಪು ದೀಪವೂ ಸುಮ್ಮನಿತ್ತು, ಏನೂ ಆಗಿಲ್ಲ ಅನ್ನುವ ಹಾಗೆ. ನೂರ ಆರಕ್ಕೆ ಸೂಜಿ ಅಕ್ಕ ಎಂಜಿನ್ ಆರಿಸಿದಳು.

"ಈ ಫ್ಯಾನ್ ಸದ್ದು ನೀನು ಕೇಳಿ ಎಷ್ಟು ದಿನ ಆಯ್ತು?" ಕೇಳಿದರು ಅತ್ತೆ.

ಅವಳು ಯೋಚಿಸಿದಳು. ಹೆಲ್ಮೆಟ್ಟಿನೊಳಗೆ ಕೇಳಿಸುವುದೂ ಅಷ್ಟಕ್ಕಷ್ಟೆ. "ಮಳೆಗಾಲದಿಂದ ಈಚೆ ಕೇಳಿಲ್ಲ ಅನ್ಸುತ್ತೆ."

ಬೈಕು ಮತ್ತೆ ತಣ್ಣಗಾದ ಮೇಲೆ ಗಂಡನ ಸರದಿ. ಅವನು ಒಳಗಿಂದ ತನ್ನ ಕೆಲಸದ ಟಾರ್ಚು, ಹಣೆಗೆ ಕಟ್ಟಿಕೊಳ್ಳುವ ಭೂತಗನ್ನಡಿ, ಉದ್ದ ಮೂಗಿನ ಚಿಮುಟ ತಂದು, ಬೈಕಿನ ಮುಂದೆ ಮೊದಲ ಬಾರಿಗೆ ಧೈರ್ಯವಾಗಿ ಕೂತ. ರೇಡಿಯೇಟರಿನ ಸಂದಿಯಲ್ಲಿ ಇಣುಕಿ, "ಇಲ್ಲೊಬ್ಬ ಅಡಗಿದಾನೆ," ಅಂದ. ಫ್ಯಾನಿನ ಕಡ್ಡಿಗೆ ಪ್ಲಾಸ್ಟಿಕ್ ದಾರ ಸುತ್ತಿಕೊಂಡು, ಬಿಸಿಗೆ ಕರಗಿ, ಮತ್ತೆ ಗಟ್ಟಿಯಾಗಿತ್ತು. ಅರ್ಧ ಗಂಟೆ ಉಸಿರು ಬಿಗಿಹಿಡಿದು, ಚೂರು ಚೂರಾಗಿ ಅವನು ಅದನ್ನು ಎಳೆದು ತೆಗೆದ. ಒಂದು ರೆಕ್ಕೆಗೂ ಗೀರು ಬೀಳಲಿಲ್ಲ. ಫ್ಯಾನ್ ಸಿಕ್ಕಿಹಾಕಿಕೊಂಡಾಗ ಅದರ ಫ್ಯೂಸೂ ಹೋಗಿತ್ತು. ಫ್ಯೂಸ್ ಡಬ್ಬಿಯ ಮುಚ್ಚಳದಲ್ಲಿದ್ದ ಇನ್ನೊಂದನ್ನು ಹಾಕಿ ಮತ್ತೆ ಎಂಜಿನ್ ಶುರು ಮಾಡಿದರು. ಮುಳ್ಳು ನೂರು ಮುಟ್ಟಿತು, ದಾಟಿತು, ಫ್ಯಾನ್ ಭರ್ರೆಂದಿತು. ಮೂರು ನಿಮಿಷದಲ್ಲಿ ತೊಂಬತ್ತೆರಡು.

ಗಂಡ ಭೂತಗನ್ನಡಿ ಹಣೆಗೇರಿಸಿಕೊಂಡು, ದೊಡ್ಡ ಆಪರೇಷನ್ ಮುಗಿಸಿದ ಡಾಕ್ಟರ ಹಾಗೆ ಕೈ ತೊಳೆಯಲು ಹೋದ.

ಸಂಜೆ ಓಡಿಸಿ ನೋಡಬೇಕಾಗಿತ್ತು. "ನಾನೂ ಬರ್ತೀನಿ," ಅಂದರು ಅತ್ತೆ. ಹೆಲ್ಮೆಟ್ ಹಾಕಿಕೊಂಡು, ಸೆರಗು ಸೊಂಟಕ್ಕೆ ಬಿಗಿದು, ಹಿಂದಿನ ಸೀಟು ಹತ್ತಿದರು. ಗುಡ್ಡದ ರಸ್ತೆಯುದ್ದಕ್ಕೂ ಸೊಸೆಯ ಭುಜದ ಮೇಲಿಂದ ಕತ್ತು ಚಾಚಿ ಕೂಗುತ್ತಲೇ ಹೋದರು. "ಎಂಬತ್ತೈದು! ಎಂಬತ್ತೊಂಬತ್ತು! ಲಾರಿ ಹಿಂದೆ ಹೋಗ್ಬೇಡ, ಬಿಸಿಗಾಳಿ! ತೊಂಬತ್ತು!" ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಸ್ಕೂಟರಿನವನು ಗಾಬರಿಯಿಂದ, "ಏನ್ರೀ, ಅವರಿಗೆ ಬಿ.ಪಿ.ನಾ?" ಅಂತ ಕೇಳಿದ.

"ಬೈಕಿಗೆ," ಅಂದರು ಅತ್ತೆ, ಅವನ ಕಡೆ ತಿರುಗದೆ.

ಗುಡ್ಡದ ತುದಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಒಂದು ಕಟ್ಟೆ. ಬೈಕು ನಿಲ್ಲಿಸಿ ಇಬ್ಬರೂ ಕೂತರು. ಕೆಳಗೆ ಊರೆಲ್ಲ ಚಾವಣಿ, ಟ್ಯಾಂಕು, ಒಣಗಿದ ಬಟ್ಟೆ. ಬೈಕು ಟಿಕ್ ಟಿಕ್ ಅಂತ ಆರುತ್ತಿತ್ತು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬಾರದು," ಅಂದರು ಅತ್ತೆ.

ಸೂಜಿ ಅಕ್ಕ ಅವರ ಕಡೆ ತಿರುಗಿದಳು. "ಹೇಳಿ."

"ನೀನು ಮಾಡೋ ಟೀ ನನಗೆ ಸೇರಲ್ಲ. ಮೂರು ತಿಂಗಳಿಂದ ಕಣ್ಣು ಮುಚ್ಚಿ ಕುಡೀತಿದೀನಿ. ಅದು ಟೀನಾ, ಹಾಲಿಗೆ ಟೀ ತೋರಿಸಿದ್ದಾ ಗೊತ್ತಾಗಲ್ಲ."

ಅವಳು ಹೆಲ್ಮೆಟ್ಟನ್ನು ಮಡಿಲಿಂದ ತೆಗೆದು ಕಟ್ಟೆಯ ಮೇಲಿಟ್ಟಳು. ಆಮೇಲೆ ಮೆಲ್ಲಗೆ, "ನೀವು ಸಂಜೆ ಮಾಡೋದನ್ನ ನಾನು ದಿನಾ ಗಿಡಕ್ಕೆ ಹಾಕ್ತೀನಿ ಅತ್ತೆ," ಅಂದಳು.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕ ನಗೆಗೆ ಟ್ಯಾಂಕಿನ ಮೇಲಿದ್ದ ಪಾರಿವಾಳ ಎರಡು ಹಾರಿಹೋದವು. ನಾಳೆಯಿಂದ ಯಾರ ಟೀ ಅವರವರೇ ಮಾಡಿಕೊಳ್ಳುವುದು ಅಂತ ಅಲ್ಲೇ ತೀರ್ಮಾನವಾಯಿತು. ಮಗ ಏನು ಕುಡಿಯಬೇಕು ಅನ್ನುವ ಪ್ರಶ್ನೆ ಎದ್ದಾಗ ಇಬ್ಬರೂ, "ಅವನೇ ಮಾಡ್ಕೊಳ್ಳಲಿ," ಅಂದರು.

ಸೋಮವಾರ ಸೂಜಿ ಅಕ್ಕ ಹದಿಮೂರು ಮನೆ ಮುಗಿಸಿ, ಮುಳ್ಳು ತೊಂಬತ್ತೊಂದನ್ನು ದಾಟದ ಹಾಗೆ ಗುಡ್ಡ ಹತ್ತಿಳಿದು, ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಡಬ್ಬಿ ಲ್ಯಾಬಿಗೆ ಕೊಟ್ಟಳು. ಮನೆಗೆ ಬಂದರೆ ಅತ್ತೆ ಇನ್ನೂ ಹಾಸಿಗೆಯಲ್ಲಿದ್ದರು. ಬೈಕು ವಾಲಿಸಿ ವಾಲಿಸಿ ಎರಡು ತೋಳೂ ಮೇಲೇಳುತ್ತಿರಲಿಲ್ಲ. ಅವಳು ನೋವಿನ ಮುಲಾಮು ತಂದು ಪಕ್ಕ ಕೂತು, ಭುಜದಿಂದ ಮೊಣಕೈ ತನಕ ಮೆಲ್ಲಗೆ ತಿಕ್ಕತೊಡಗಿದಳು.

"ಇನ್ನೂ ಸ್ವಲ್ಪ ಕೆಳಗೆ," ಅಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ.